ಎಂಬಿಎ ಮಕ್ಕಳ ಪ್ರಾಜೆಕ್ಟ್, ಫೆಸ್ಟ್, ನಾಯಕತ್ವ: ಕಾಲೇಜಿನವರ ಬೆಂಬಲ ಅಂದರೆ ಏನು?

ಹೇಮಾವತಿ_ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಒಂದು ಕಾಲೇಜಿನಲ್ಲಿ ಎಂಬಿಎ ಪಾಠ ಮಾಡುತ್ತೇನೆ. ಮುಂದಿನ ವಾರ ವಿಭಾಗದ ಮೀಟಿಂಗ್ ಇದೆ. ವಿಷಯ: ‘ವಿದ್ಯಾರ್ಥಿಗಳ ನಾಯಕತ್ವ ಮತ್ತು ಸಂಶೋಧನೆಗೆ ಬೋಧಕರು ಹಾಗೂ ಸಿಬ್ಬಂದಿಯ ಬೆಂಬಲ’. ಏನಾಗುತ್ತದೆ ಅಂತ ಈಗಲೇ ಹೇಳಬಲ್ಲೆ. ಒಂದು ಕಮಿಟಿ ಆಗುತ್ತದೆ. ಕಮಿಟಿಗೊಂದು ಚಂದದ ಹೆಸರು. ಉದ್ಘಾಟನೆಗೆ ಒಬ್ಬ ಅತಿಥಿ, ದೀಪ, ಶಾಲು, ಫೋಟೊ. ಫೋಟೊ ನ್ಯಾಕ್ (ಕಾಲೇಜುಗಳಿಗೆ ದರ್ಜೆ ಕೊಡುವ ಸಂಸ್ಥೆ) ಫೈಲಿಗೆ, ಸರ್ಟಿಫಿಕೇಟು ಮಕ್ಕಳ ಕೈಗೆ. ಅಲ್ಲಿಗೆ ಮುಗಿಯಿತು.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನೀವು ಓದುವಾಗ ಕಾಲೇಜಿನ ಯಾರು, ಏನು ಮಾಡಿದ್ದರಿಂದ ನಿಜವಾಗಿ ಅನುಕೂಲವಾಯಿತು? ಪ್ರಾಜೆಕ್ಟ್ ಅಂತ ಮಕ್ಕಳು ನಿಮ್ಮ ತೋಟಕ್ಕೋ ಅಂಗಡಿಗೋ ಮಂಡಿಗೋ ಬಂದಿದ್ದರೆ ನೀವೂ ಹೇಳಿ. ಹೊಗಳಿಕೆ ಬೇಡ. ಬೈದರೂ ಪರವಾಗಿಲ್ಲ, ಮೀಟಿಂಗಿನಲ್ಲಿ ಓದಿ ಹೇಳುತ್ತೇನೆ.

ಎರಡನೇ_ಬೆಂಚು (ಹಾಸನ)

ಮೇಡಂ, ನಾನು ಎಂಬಿಎ ಮುಗಿಸಿ ಈಗ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿಯ ಸಿಪ್ಪೆ ಬಿಡಿಸಿ ಹಸನು ಮಾಡುವ ಕಾರ್ಖಾನೆ) ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನನ್ನ ಪ್ರಾಜೆಕ್ಟಿಗೆ ಎಲ್ಲರಿಗಿಂತ ಜಾಸ್ತಿ ಸಹಾಯ ಮಾಡಿದವರು ನಮ್ಮ ಆಫೀಸ್ ಸೂಪರಿಂಟೆಂಡೆಂಟ್. ನಗಬೇಡಿ, ನಿಜ.

ಅವರು ಮಾಡಿದ್ದು ಒಂದು ಪತ್ರ, ಅಷ್ಟೇ. ಎಪಿಎಂಸಿ ಕಾರ್ಯದರ್ಶಿಗೆ ಕನ್ನಡದಲ್ಲಿ ಒಂದು, ಕಂಪನಿಗೆ ಇಂಗ್ಲಿಷಿನಲ್ಲಿ ಒಂದು. ತಾರೀಖು, ಔಟ್‌ವರ್ಡ್ ನಂಬರ್, ಸೀಲು, ಯಾರಾದರೂ ಎತ್ತುವಂಥ ಫೋನ್ ನಂಬರ್. ಕೊನೆಗೆ ಒಂದು ಸಾಲು ಸೇರಿಸಿದ್ದರು: ‘ಪಡೆದ ಮಾಹಿತಿಯನ್ನು ಓದಿನ ಕೆಲಸಕ್ಕೆ ಮಾತ್ರ ಬಳಸಲಾಗುವುದು, ಸಂಸ್ಥೆಯ ಹೆಸರು ಬರೆಯುವುದಿಲ್ಲ.’ ಆ ಸಾಲು ಓದಿದ ಮೇಲೆಯೇ ಅಲ್ಲಿಯ ಮ್ಯಾನೇಜರ್ ಲೆಡ್ಜರ್ ತೆಗೆಸಿದ್ದು. ನನ್ನ ಗೈಡ್ ಒಳ್ಳೆಯವರೇ, ಆದರೆ ಅವರು ಕೊಟ್ಟಿದ್ದು ಎರಡು ಪುಸ್ತಕದ ಹೆಸರು.

ಈಗ ನಾನು ಗೇಟಿನ ಒಳಗಡೆ ಇದ್ದೇನೆ. ಬರುವ ಮಕ್ಕಳ ಪತ್ರ ನೋಡಿದರೆ ಬೇಜಾರಾಗುತ್ತದೆ. ಒಂದೇ ಪತ್ರದ ಜೆರಾಕ್ಸು, ಕಂಪನಿಯ ಹೆಸರಿನ ಜಾಗ ಖಾಲಿ, ಅಲ್ಲಿ ಪೆನ್ನಿನಲ್ಲಿ ನಮ್ಮ ಹೆಸರು. ಏನು ಬೇಕು ಅಂತ ಬರೆದೇ ಇಲ್ಲ. ನಮ್ಮ ಸಾಹೇಬರು ಕಾಫಿ ಕೊಟ್ಟು ಕಳಿಸುತ್ತಾರೆ.

ಮೂಡಿಗೆರೆ_ಮಳೆಗಾಲ (ಚಿಕ್ಕಮಗಳೂರು ಜಿಲ್ಲೆ)

ಬೈಯಬಹುದು ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ ಮೇಡಂ.

ಪ್ರತಿ ವರ್ಷ ನಮ್ಮ ತೋಟಕ್ಕೆ ಪ್ರಾಜೆಕ್ಟ್ ಮಕ್ಕಳು ಬರುತ್ತಾರೆ. ಒಳ್ಳೆಯ ಮಕ್ಕಳೇ. ಬರುವ ಹೊತ್ತು ಮಾತ್ರ ನೋಡಬೇಕು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ಅದರ ಹಿಂದೆಯೇ ರೋಬಸ್ಟಾ. ಅದು ಮುಗಿಯಿತು ಅನ್ನುವಷ್ಟರಲ್ಲಿ ಹೂಮಳೆಗೆ, ಅಂದರೆ ಕಾಫಿ ಹೂ ಬಿಡಿಸುವ ಮಳೆಗೆ, ಕಾಯುವುದು. ಮಳೆ ಬರಲಿಲ್ಲ ಅಂದರೆ ಸ್ಪ್ರಿಂಕ್ಲರ್ ಪೈಪು ಎಳೆದಾಡುವುದು, ಆಮೇಲೆ ಬ್ಯಾಕಿಂಗ್ ಮಳೆ (ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ) ಬಂತಾ ಇಲ್ಲವಾ ಅಂತ ಆಕಾಶ ನೋಡುವುದು. ಸರಿಯಾಗಿ ಆ ಹೊತ್ತಿಗೆ, ಕಣದಲ್ಲಿ ನಿಂತವನ ಕೈಗೆ ಇಂಗ್ಲಿಷಿನ ಫಾರಂ ಕೊಟ್ಟು ‘ಅಂಕಲ್, ಸುಮ್ನೆ ಟಿಕ್ ಮಾಡಿ’ ಅನ್ನುತ್ತಾರೆ.

ಪ್ರಶ್ನೆ ಏನು ಗೊತ್ತಾ? ‘ಕಾಫಿ ಮಾರಾಟ ವ್ಯವಸ್ಥೆ ನಿಮಗೆ ಎಷ್ಟು ತೃಪ್ತಿ ತಂದಿದೆ? ತುಂಬಾ ತೃಪ್ತಿ, ತೃಪ್ತಿ, ಹೇಳಲಾರೆ, ಅತೃಪ್ತಿ, ತುಂಬಾ ಅತೃಪ್ತಿ.’ ನಾನೇನು ಹೇಳಲಿ? ರೇಟು ಏರಿದ ವರ್ಷ ತೃಪ್ತಿ, ಬಿದ್ದ ವರ್ಷ ಅತೃಪ್ತಿ. ಇದನ್ನು ಕೇಳುವುದಕ್ಕೆ ಎಂಬಿಎ ಬೇಕಾ?

ಕೇಳಬೇಕಾದ್ದು ಬೇರೆ ಇದೆ. ಓಟಿ ಕೇಳಿ. 50 ಕೆಜಿ ಒಣ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಬರುತ್ತದೆ ಅನ್ನುವ ಲೆಕ್ಕ ಅದು. ಏಜೆಂಟ್ ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ‘ಇಷ್ಟು’ ಅನ್ನುತ್ತಾನೆ. ಒಂದು ಪಾಯಿಂಟ್ ಇಳಿದರೆ ಮೂಟೆಗೆ ಒಂದು ಕೆಜಿ ಬೀಜದ ದುಡ್ಡು ಹೋಯಿತು. ಆಮೇಲೆ ತೇವಾಂಶ. ಕಾಫಿ ಮಂಡಳಿ ಹೇಳುವ ಮಟ್ಟ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಶೇ 10, ರೋಬಸ್ಟಾ ಚೆರಿಗೆ 11, ಅರೇಬಿಕಾ ಚೆರಿಗೆ 12. ಮೀಟರ್ ಯಾರದ್ದು? ಅದನ್ನು ಕೊನೆಯ ಸಲ ಸರಿ ಇದೆಯಾ ಅಂತ ನೋಡಿದ್ದು ಯಾವಾಗ? ಒಂದೇ ಮಾಲನ್ನು ಎರಡು ಕಡೆ ತೋರಿಸಿ ನೋಡಿ, ಎರಡು ಲೆಕ್ಕ ಬರುತ್ತದೆ. ಇದು ಪ್ರಾಜೆಕ್ಟು.

ಇನ್ನೊಂದು. ನಮ್ಮಪ್ಪನ ಕಾಲದಲ್ಲಿ ಪೂಲ್ ಇತ್ತು. ಕಾಫಿಯನ್ನು ಮಂಡಳಿಗೇ ಹಾಕಬೇಕು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 90ರ ದಶಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು, 1996ರ ಹೊತ್ತಿಗೆ ಪೂರ್ತಿ ಮುಕ್ತ. ಅವತ್ತಿನಿಂದ ಬೆಳೆಗಾರನೇ ಮಾರಾಟಗಾರ. ಅರೇಬಿಕಾಗೆ ನ್ಯೂಯಾರ್ಕ್ ರೇಟು, ರೋಬಸ್ಟಾಗೆ ಲಂಡನ್ ರೇಟು ಅಂತ ಮೊಬೈಲ್ ನೋಡುತ್ತಾ ಕೂರುತ್ತೇವೆ. ಯಾವಾಗ ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು ಅಂತ ನಮಗೆ ಯಾರೂ ಕಲಿಸಲಿಲ್ಲ. ಬಿಸಿನೆಸ್ ಸ್ಕೂಲು ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಂದ ಬರುವುದು ತೃಪ್ತಿಯ ಫಾರಂ.

ಒಂದು ಸಲ ಮಾತ್ರ ಬೇರೆ ಥರ ಆಯಿತು. ಇಬ್ಬರು ಹುಡುಗಿಯರು ಮಳೆಗಾಲದಲ್ಲಿ ಬಂದರು. ಮೊದಲ ದಿನ ಜೊತೆಗೆ ಅವರ ಮೇಡಂ ಬಂದಿದ್ದರು. ನಮ್ಮ ಮನೆಯವರ ಹತ್ತಿರ ಕೂತು ಮಾತಾಡಿದರು, ಯಾಕೆ ಬಂದಿದ್ದೇವೆ ಅಂತ ಹೇಳಿದರು, ಆಮೇಲೆ ಮಕ್ಕಳನ್ನು ಬಿಟ್ಟು ಹೋದರು. ಮತ್ತೆ ಬರಲಿಲ್ಲ. ಅದೇ ಚೆನ್ನಾಗಿತ್ತು. ಆ ಹುಡುಗಿಯರು ಜಗುಲಿಯಲ್ಲಿ ಕೂತು ನನ್ನ ಹಳೆಯ ಮಾರಾಟದ ಚೀಟಿಗಳನ್ನೆಲ್ಲ ಹರಡಿಕೊಂಡರು. ಕೆಲವು ಗೆದ್ದಲು ತಿಂದಿದ್ದವು. ದಿನಾಂಕ, ತೂಕ, ಓಟಿ, ರೇಟು, ಕಡಿತ ಅಂತ ಬರೆದುಕೊಂಡರು. ‘ಅಂಕಲ್, ಇಲ್ಲಿ ಎರಡು ಸಲ ಕಡಿತ ಆಗಿದೆ ನೋಡಿ’ ಅಂತ ಅವರೇ ತೋರಿಸಿದರು. ನನಗೆ ಗೊತ್ತೇ ಇರಲಿಲ್ಲ. ಮುಗಿದ ಮೇಲೆ ಕನ್ನಡದಲ್ಲಿ ಎರಡು ಹಾಳೆ ಬರೆದು ಕೊಟ್ಟರು. ಈಗಲೂ ಏಜೆಂಟ್ ಹತ್ತಿರ ಹೋಗುವಾಗ ಜೇಬಿನಲ್ಲಿ ಇರುತ್ತದೆ.

ಸೆಮ್_ನಾಲ್ಕು (ಹಾಸನ)

ಅಂಕಲ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಹೊತ್ತು ನಮ್ಮ ಕೈಯಲ್ಲಿಲ್ಲ. ಪ್ರಾಜೆಕ್ಟ್ ಯಾವಾಗ ಮಾಡಬೇಕು, ಯಾವಾಗ ಕೊಡಬೇಕು ಅನ್ನುವುದು ಯೂನಿವರ್ಸಿಟಿ ಹಾಕುವ ವೇಳಾಪಟ್ಟಿ. ಅದಕ್ಕೆ ಹೂಮಳೆ ಗೊತ್ತಿಲ್ಲ.

ಕ್ಲಾಸಿನಲ್ಲಿ ಏನು ನಡೆಯುತ್ತದೆ ಅಂತಲೂ ಹೇಳಿಬಿಡುತ್ತೇನೆ. ಟೈಟಲ್ ಅಂದರೆ ‘ಎ ಸ್ಟಡಿ ಆನ್’ ಅಂತ ಶುರುವಾಗಬೇಕು, ‘ವಿತ್ ಸ್ಪೆಷಲ್ ರೆಫರೆನ್ಸ್ ಟು’ ಅಂತ ಮುಗಿಯಬೇಕು. ಬೇರೆ ಥರ ಬರೆದರೆ ಗೈಡ್ ವಾಪಸ್ ಕೊಡುತ್ತಾರೆ. ಸ್ಯಾಂಪಲ್ 100. ಯಾಕೆ 100 ಅಂತ ವೈವಾದಲ್ಲಿ ಕೇಳಿದರೆ ‘ಎಲ್ಲರೂ 100 ಮಾಡಿದ್ದಾರೆ ಸರ್’. ಗೂಗಲ್ ಫಾರಂ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ‘ಕಾಫಿ ಬೆಳೆಗಾರರ ಅಭಿಪ್ರಾಯ’ ಅಂತ ಇರುತ್ತದೆ, ಉತ್ತರ ಕೊಟ್ಟವರಲ್ಲಿ ಅರ್ಧ ಜನ ಹಾಸ್ಟೆಲ್ ಹುಡುಗರು. ಕಾಫಿ ಕುಡಿಯುತ್ತಾರಲ್ಲ, ಸಾಕಂತೆ.

ನಾಯಕತ್ವದ ವಿಷಯ ಕೇಳಬೇಡಿ. ಫೆಸ್ಟ್ ನಾವೇ ಮಾಡುವುದು ಅಂತ ಬ್ಯಾನರ್‌ನಲ್ಲಿ ಇರುತ್ತದೆ. ತಾರೀಖು, ಅತಿಥಿ, ಟೀ ಶರ್ಟಿನ ಬಣ್ಣ ಎಲ್ಲ ಸ್ಟಾಫ್ ರೂಮಿನಲ್ಲಿ ತೀರ್ಮಾನ. ನಮ್ಮದು ಕುರ್ಚಿ ಹೊರುವುದು, ಊಟದ ಕೂಪನ್ ಹಂಚುವುದು.

ಹೇಮಾವತಿ_ದಂಡೆ

@ಸೆಮ್_ನಾಲ್ಕು ನಿನ್ನ ಗೈಡಿನಿಂದ ನಿನಗೆ ಏನು ಬೇಕು? ಒಂದೇ ಒಂದು ಹೇಳು.

ಸೆಮ್_ನಾಲ್ಕು

ವಾರಕ್ಕೆ ಅರ್ಧ ಗಂಟೆ ಮೇಡಂ. ಮೊಬೈಲ್ ನೋಡದೆ.

ಅತಿಥಿ_ಬೋಧಕ (ಚಿಕ್ಕಮಗಳೂರು)

ಆ ಅರ್ಧ ಗಂಟೆ ಎಲ್ಲಿಂದ ತರಲಿ ತಮ್ಮಾ? ಸಿಟ್ಟಿನಿಂದ ಕೇಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇನೆ. ನನಗೆ ಸಂಬಳ ಕ್ಲಾಸಿನ ಗಂಟೆಗೆ. ಪ್ರಾಜೆಕ್ಟ್ ನೋಡುವುದು ಆ ಗಂಟೆಯಲ್ಲಿ ಬರುವುದಿಲ್ಲ. ಖಾಯಂ ಇರುವವರ ಸ್ಥಿತಿಯೂ ಅಷ್ಟಕ್ಕಷ್ಟೇ. ಎಂಬಿಎ ಪ್ರವೇಶದ ಪಿಜಿಸಿಇಟಿ ಕೌನ್ಸೆಲಿಂಗ್ ಹತ್ತಿರ ಬಂತು ಅಂದರೆ ಪಾಂಪ್ಲೆಟ್ ಹಿಡಿದು ಡಿಗ್ರಿ ಕಾಲೇಜುಗಳಿಗೆ ಅಲೆಯಬೇಕು, ಇಷ್ಟು ಅಡ್ಮಿಶನ್ ತರಬೇಕು ಅಂತ ಮೇಲಿನವರು ಹೇಳಿರುತ್ತಾರೆ. ಉಳಿದ ಹೊತ್ತು ನ್ಯಾಕ್ ಫೈಲು. ‘ಮೆಂಟರಿಂಗ್ ಮಾಡಿದ್ದಕ್ಕೆ ಸಾಕ್ಷಿ’ ಅಂತ ಒಂದು ಫೈಲೇ ಇದೆ. ಅದನ್ನು ತುಂಬುತ್ತಾ ಕೂತರೆ ಮೆಂಟರಿಂಗ್‌ಗೆ ಹೊತ್ತು ಎಲ್ಲಿರುತ್ತದೆ, ನೀವೇ ಹೇಳಿ.

ಇನ್ನೊಂದು ಹೇಳಿಯೇಬಿಡುತ್ತೇನೆ. ಮಕ್ಕಳ ಪ್ರಾಜೆಕ್ಟನ್ನು ಪೇಪರ್ ಮಾಡಿ, ದುಡ್ಡು ಕಟ್ಟಿದರೆ ವಾರದಲ್ಲಿ ಪ್ರಕಟಿಸುವ ಜರ್ನಲ್‌ಗೆ ಹಾಕುವ ಚಾಳಿ ಶುರುವಾಗಿದೆ. ದುಡ್ಡು ವಿದ್ಯಾರ್ಥಿಯದ್ದು. ಮೊದಲ ಹೆಸರು ಗೈಡಿನದ್ದು. ಇದಕ್ಕೆ ‘ಸಂಶೋಧನೆಗೆ ಪ್ರೋತ್ಸಾಹ’ ಅಂತ ಹೆಸರು.

ಲೈಬ್ರರಿ_ಕೌಂಟರ್ (ಹಾಸನ)

ಈ ಪೇಪರ್ ವಿಷಯಕ್ಕೆ ಲೈಬ್ರರಿಯವರನ್ನು ಯಾರೂ ಕೇಳುವುದಿಲ್ಲ, ಕೇಳದಿದ್ದರೂ ಹೇಳುತ್ತೇನೆ.

ಎಂಬಿಎ ಮುಗಿಸಲು ಪೇಪರ್ ಪ್ರಕಟಿಸಬೇಕಾಗಿಲ್ಲ. ಪಿಎಚ್‌ಡಿಗೇ ಯುಜಿಸಿ 2022ರ ನಿಯಮದಲ್ಲಿ ಆ ಕಡ್ಡಾಯ ತೆಗೆದುಬಿಟ್ಟಿದೆ. ‘ಕೇರ್ ಲಿಸ್ಟ್‌ನಲ್ಲಿರುವ ಜರ್ನಲ್’ ಅಂತ ಮಕ್ಕಳಿಗೆ ಈಗಲೂ ಹೇಳುವವರಿದ್ದಾರೆ. ಒಪ್ಪಬಹುದಾದ ಜರ್ನಲ್‌ಗಳ ಆ ಯುಜಿಸಿ ಪಟ್ಟಿಯನ್ನು 2018ರಲ್ಲಿ ತಂದರು, 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಅದನ್ನು ನಿಲ್ಲಿಸಿದೆ ಎಂದು ಪ್ರಕಟಣೆ ಕೊಟ್ಟಿತು. ಈಗ ಜರ್ನಲ್ ಸರಿಯೋ ತಪ್ಪೋ ಅಂತ ಕಾಲೇಜಿನವರೇ ನೋಡಿ ತೀರ್ಮಾನಿಸಬೇಕು. ನೋಡುವವರು ಯಾರು? ಆ ಕೆಲಸ ನಮಗೆ ಕೊಡಿ, ಮಾಡುತ್ತೇವೆ. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ವಾರದಲ್ಲಿ ‘ವಿಮರ್ಶೆ’ ಮುಗಿಯುತ್ತದಾ ಅಂತ ನೋಡಿದರೆ ಸಾಕು, ಅರ್ಧಕ್ಕರ್ಧ ಅಲ್ಲೇ ಉದುರಿ ಹೋಗುತ್ತವೆ.

ಕಾಪಿ ಹೊಡೆಯುವುದರ ಬಗ್ಗೆ. ಯುಜಿಸಿ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಇದನ್ನು ಕೊನೆಯ ವಾರ ಸಾಫ್ಟ್‌ವೇರ್‌ಗೆ ಹಾಕಿ ‘ಅಯ್ಯೋ ಕೆಂಪು ಬಂತು’ ಅನ್ನುವ ಬದಲು, ಮೊದಲ ಅಧ್ಯಾಯ ಬರೆದ ಕೂಡಲೇ ತನ್ನಿ. ಕೆಂಪು ಯಾಕೆ ಬಂತು ಅಂತ ಕೂರಿಸಿ ಹೇಳಿಕೊಡುತ್ತೇವೆ. ಪದ ಬದಲಾಯಿಸಿ ಸಾಫ್ಟ್‌ವೇರ್‌ಗೆ ಟೋಪಿ ಹಾಕುವುದನ್ನು ಹೇಳಿಕೊಡುವುದಿಲ್ಲ, ಅದಕ್ಕೆ ಯೂಟ್ಯೂಬ್ ಇದೆ.

ಓದುವುದಕ್ಕೆ ಸಿಗುವುದಿಲ್ಲ ಅನ್ನುವ ದೂರೂ ಇದೆ. ಶೋಧಗಂಗಾ ಎಲ್ಲರಿಗೂ ಪುಕ್ಕಟೆ, ದೇಶದ ಪಿಎಚ್‌ಡಿ ಪ್ರಬಂಧಗಳು ಅಲ್ಲಿವೆ. ಕಾಫಿ ಮಾರಾಟದ ಮೇಲೆ ಹುಡುಕಿ ನೋಡಿ, ನಿಮ್ಮ ಟೈಟಲ್ ಎಷ್ಟು ಸಲ ಆಗಿಹೋಗಿದೆ ಅಂತ ಗೊತ್ತಾಗುತ್ತದೆ. ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿ 1ರಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಬಂದಿದೆ. ಮೂರು ವರ್ಷಕ್ಕೆ ಕೇಂದ್ರ 6,000 ಕೋಟಿ ರೂಪಾಯಿ ಇಟ್ಟಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್. ಸಾವಿರಾರು ರೂಪಾಯಿ ಕೊಟ್ಟು ತರಿಸಬೇಕಾಗಿದ್ದ ಲೇಖನ ನಮ್ಮೂರಿನ ಸರ್ಕಾರಿ ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಲಾಗಿನ್ ಕೇಳಿಕೊಂಡು ಬಂದವರು ಬೆರಳೆಣಿಕೆ.

ಸ್ಯಾಂಪಲ್ 100ರ ಬಗ್ಗೆ ಒಂದು ಮಾತು. ಎಷ್ಟು ಜನರನ್ನು ಕೇಳಬೇಕು ಅಂತ ಲೆಕ್ಕ ಹಾಕಲು ಪುಸ್ತಕದಲ್ಲಿ ಯಮಾನೆ ಸೂತ್ರ ಅಂತ ಇದೆ. 2,000 ಬೆಳೆಗಾರರು ಇದ್ದಾರೆ ಅಂದುಕೊಂಡು ಶೇ 5ರ ತಪ್ಪಿಗೆ ಲೆಕ್ಕ ಹಾಕಿದರೆ 333 ಬರುತ್ತದೆ. ಅದೂ ಚೀಟಿ ಎತ್ತಿದ ಹಾಗೆ ಯಾರನ್ನು ಬೇಕಾದರೂ ಆರಿಸುವಂತಿದ್ದರೆ ಮಾತ್ರ. ವಾಟ್ಸಾಪ್‌ನಲ್ಲಿ ಸಿಕ್ಕವರು 333 ಇದ್ದರೂ ಅಷ್ಟೇ, 33 ಇದ್ದರೂ ಅಷ್ಟೇ. ಆ ಲೆಕ್ಕ ಬೇಡವಾದರೆ ಮೂಡಿಗೆರೆಯವರು ಹೇಳಿದ ಹಾಗೆ ಹತ್ತು ಹನ್ನೆರಡು ತೋಟದ ಚೀಟಿಗಳನ್ನು ಕೂತು ಓದಿ. ಅದೂ ಸಂಶೋಧನೆಯೇ. ಅದಕ್ಕೆ ಕೇಸ್ ಸ್ಟಡಿ ಅಂತ ಗೌರವದ ಹೆಸರೂ ಇದೆ. ವೈವಾಕ್ಕೆ ಬರುವವರಿಗೆ ಇದನ್ನು ಒಪ್ಪಿಸುವುದು ಗೈಡಿನ ಕೆಲಸ, ಹುಡುಗನದ್ದಲ್ಲ.

ಬಿಲ್_ಕೊಡಿ (ಹಾಸನ)

ನಾನು ಬಿ.ಎಂ. ರಸ್ತೆಯಲ್ಲಿ ಅಂಗಡಿ ಇಟ್ಟಿದ್ದೇನೆ. ಸಂಶೋಧನೆ ಗೊತ್ತಿಲ್ಲ, ಫೆಸ್ಟ್ ಗೊತ್ತು. ನಮ್ಮ ಸಾಲಿನ ಎಲ್ಲ ಅಂಗಡಿಗೂ ಮಕ್ಕಳು ಸ್ಪಾನ್ಸರ್ ಕೇಳಿಕೊಂಡು ಬರುತ್ತಾರೆ. ‘ಅಣ್ಣಾ, ಬ್ಯಾನರ್‌ನಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಹಾಕುತ್ತೇವೆ.’ ಸಾವಿರವೋ ಎರಡು ಸಾವಿರವೋ ಕೊಡುತ್ತೇವೆ. ಆಮೇಲೆ ಮುಖ ಕಾಣುವುದು ಮುಂದಿನ ವರ್ಷ.

ಒಬ್ಬ ಹುಡುಗ ಮಾತ್ರ ಫೆಸ್ಟ್ ಮುಗಿದ ವಾರ ಬಂದ. ಒಂದು ಹಾಳೆಯಲ್ಲಿ ಜಮಾ ಖರ್ಚು. ಪೆಂಡಾಲಿಗೆ ಎಷ್ಟು, ಸೌಂಡಿಗೆ ಎಷ್ಟು, ಊಟಕ್ಕೆ ಎಷ್ಟು, ಯಾವ ಅಂಗಡಿಯಿಂದ ಎಷ್ಟು ಬಂತು. ಬ್ಯಾನರ್ ಹಾಕಿದ ಫೋಟೊ. ‘ಅಣ್ಣಾ, ಸ್ಟೇಜ್ ಹೂವಿನದ್ದು ಬಿಲ್ ಸಿಗಲಿಲ್ಲ, ಅದನ್ನು ಬೇರೆ ಬರೆದಿದ್ದೇನೆ’ ಅಂದ. ಇದನ್ನೆಲ್ಲ ಕ್ಲಾಸಿನಲ್ಲಿ ಕಲಿಸಿದರಾ ಅಂತ ಕೇಳಿದೆ. ಇಲ್ಲವಂತೆ. ಆಫೀಸಿನ ಕ್ಯಾಶ್ ಕೌಂಟರಿನ ಮೇಡಂ, ಹಿಂದಿನ ಅಡ್ವಾನ್ಸಿನ ಬಿಲ್ ಅಂಟಿಸಿ ತರುವವರೆಗೂ ಮುಂದಿನದ್ದು ಕೊಡಲಿಲ್ಲವಂತೆ. ‘ಎರಡು ಸಲ ಅಳು ಬಂತು ಅಣ್ಣಾ’ ಅಂದ. ಈಗ ಅವನು ಯಾವ ಕಂಪನಿಯಲ್ಲಿ ಇದ್ದಾನೋ ಗೊತ್ತಿಲ್ಲ, ಎಲ್ಲಿದ್ದರೂ ಅವರ ದುಡ್ಡು ಭದ್ರವಾಗಿದೆ.

ಅಪ್ಪನ_ಪ್ರಶ್ನೆ (ಅರಸೀಕೆರೆ)

ಮಗಳು ಎಂಬಿಎ ಸೇರಿದ್ದಾಳೆ. ಈ ನಾಯಕತ್ವ ಅಂದರೆ ಕಾಲೇಜಿನಲ್ಲಿ ಚುನಾವಣೆನಾ? ಹಾಗಿದ್ದರೆ ನಮಗೆ ಬೇಡ. ಜಾತಿ, ಪಕ್ಷ, ಹೊಡೆದಾಟ ಎಲ್ಲ ಬರುತ್ತದೆ. ನಾವು ಓದುವ ಕಾಲದಲ್ಲಿ ನೋಡಿದ್ದೇವೆ.

ಎರಡನೇ_ಬೆಂಚು

ಸರ್, ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆ 80ರ ದಶಕದ ಕೊನೆಯಲ್ಲೇ ನಿಂತಿದೆ. ನಾನಂತೂ ಓಟು ಹಾಕಿಯೇ ಇಲ್ಲ. ನಮ್ಮ ಕ್ಲಾಸ್ ರೆಪ್ರೆಸೆಂಟೇಟಿವ್ ಯಾರು ಅಂದರೆ ಎಚ್‌ಒಡಿ ಬೆರಳು ತೋರಿಸಿದವರು. ಜಾಸ್ತಿ ಮಾರ್ಕ್ಸ್, ಕಡಿಮೆ ಮಾತು. ಅವರ ಕೆಲಸ ಡಸ್ಟರ್ ತರುವುದು, ಅಟೆಂಡೆನ್ಸ್ ಕೊಡುವುದು.

ಹೊಡೆದಾಟದ ಭಯ ಸುಳ್ಳಲ್ಲ. ಅದಕ್ಕೇ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಲಿಂಗ್ಡೊ ಸಮಿತಿ 2006ರಲ್ಲಿ ನಿಯಮ ಮಾಡಿದ್ದು. ಒಬ್ಬ ಅಭ್ಯರ್ಥಿ 5,000 ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ, ಶೇ 75 ಹಾಜರಿ ಇರಬೇಕು, ಮುದ್ರಿಸಿದ ಪೋಸ್ಟರ್ ಬೇಡ. ಇಡೀ ಕಾಲೇಜಿಗೆ ಬೇಡ ಅಂದರೆ ಬಿಡಿ. 60 ಜನರ ಒಂದು ಎಂಬಿಎ ಕ್ಲಾಸಿನಲ್ಲಿ ಚೀಟಿ ಬರೆದು ಒಬ್ಬರನ್ನು ಆರಿಸಿಕೊಂಡರೆ ಯಾವ ಪಕ್ಷ ಬರುತ್ತದೆ?

ಅಪ್ಪನ_ಪ್ರಶ್ನೆ

ಚೀಟಿಯಾದರೆ ಪರವಾಗಿಲ್ಲ. ಆದರೆ ಗೆದ್ದವರು ಏನು ಮಾಡಬೇಕು ಅಂತ ಮೊದಲೇ ಬರೆದಿರಬೇಕು. ಡಸ್ಟರ್ ತರುವುದಕ್ಕೆ ಚುನಾವಣೆ ಯಾಕೆ?

ಹೇಮಾವತಿ_ದಂಡೆ

ಅದೇ ನೋಡಿ ಸರ್ ಮುಖ್ಯ ಮಾತು. ನಾವು ಮಕ್ಕಳಿಗೆ ಹುದ್ದೆ ಕೊಡುತ್ತೇವೆ, ಪ್ರೆಸಿಡೆಂಟ್, ಕನ್ವೀನರ್, ಕೋ-ಆರ್ಡಿನೇಟರ್ ಅಂತ ಬ್ಯಾಡ್ಜ್ ಹಾಕುತ್ತೇವೆ. ತೀರ್ಮಾನ ಕೊಡುವುದಿಲ್ಲ, ದುಡ್ಡಂತೂ ಮೊದಲೇ ಕೊಡುವುದಿಲ್ಲ. ನಮ್ಮಲ್ಲಿ ಫೆಸ್ಟ್ ಖರ್ಚಿಗೆ ಸಹಿ ಹಾಕುವುದು ಮೂರು ಜನ ಬೋಧಕರು. ಆ ಸಹಿಯಲ್ಲಿ ಒಂದು ವಿದ್ಯಾರ್ಥಿಯದ್ದಾಗಲಿ ಅಂದರೆ ‘ಆಡಿಟ್ ಒಪ್ಪುವುದಿಲ್ಲ’ ಅನ್ನುತ್ತಾರೆ. ಆಡಿಟ್‌ನವರನ್ನು ಯಾರೂ ಕೇಳಿಲ್ಲ.

ಕಳೆದ ವರ್ಷ ನಮ್ಮ ಒಂದು ಗುಂಪು ಬೇಲೂರಿಗೆ ಹೋಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವಲ್ಲ, ಅದರಿಂದ ದೇವಸ್ಥಾನದ ಮುಂದಿನ ಅಂಗಡಿಯವರಿಗೆ ಏನಾಯಿತು ಅಂತ ನೋಡುವುದು ಅವರ ಯೋಚನೆ. ಯಾರು ಯಾವ ಅಂಗಡಿ, ಯಾವ ದಿನ ಎಲ್ಲ ಅವರೇ ಹಂಚಿಕೊಂಡರು. ಭಾನುವಾರ ಹೋಗಬೇಡಿ, ಅಂಗಡಿಯವರಿಗೆ ಪುರುಸೊತ್ತು ಇರುವುದಿಲ್ಲ ಅಂತ ನಮ್ಮ ಕಾಲೇಜು ಬಸ್ಸಿನ ಡ್ರೈವರ್ ಹೇಳಿದ್ದರಂತೆ, ಅವರ ಊರು ಅದೇ. ವಾರದ ದಿನ ಹೋದರು. ಸ್ಟಾಫ್ ರೂಮಿನಲ್ಲಿ ಕೂತ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಔಟ್‌ವರ್ಡ್_ನಂಬರ್ (ಹಾಸನ)

ಕಾಲೇಜು ಆಫೀಸಿನಲ್ಲಿ ಕೆಲಸ ಮಾಡುವವನು ನಾನು. ಮೇಲಿನದ್ದೆಲ್ಲ ಓದಿದೆ. ಪತ್ರದ ಬಗ್ಗೆ ಇಷ್ಟು ಮಾತಾಡಿದ್ದಾರೆ, ಪತ್ರ ಬರೆಯುವವರ ಕಡೆಯಿಂದಲೂ ಕೇಳಿ.

ಮಕ್ಕಳು ಬರುವುದು ನಾಲ್ಕೂಮುಕ್ಕಾಲಿಗೆ. ‘ಸರ್, ಲೆಟರ್ ಬೇಕು, ನಾಳೆ ಬೆಳಿಗ್ಗೆ ಹೋಗಬೇಕು.’ ಎಲ್ಲಿಗೆ? ‘ಕಂಪನಿಗೆ.’ ಯಾವ ಕಂಪನಿ? ಪಕ್ಕದವನ ಮುಖ ನೋಡುತ್ತಾರೆ. ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ನೀನೇ ಕನ್ನಡದಲ್ಲಿ ಬರೆದು ತಾ ಅನ್ನುತ್ತೇನೆ. ಯಾರಿಗೆ, ಯಾರು ಬರುತ್ತಿದ್ದೀರಿ, ಯಾವ ದಿನ, ಯಾವ ಲೆಕ್ಕ ನೋಡಬೇಕು, ನೋಡಿ ಏನು ಮಾಡುತ್ತೀರಿ. ಅದನ್ನು ಬರೆಯಲು ಬಾರದಿದ್ದರೆ ಪ್ರಾಜೆಕ್ಟ್ ಏನು ಅಂತ ಅವನಿಗೇ ಗೊತ್ತಿಲ್ಲ ಅಂತ ಅರ್ಥ. ಗೈಡ್ ಹತ್ತಿರ ವಾಪಸ್ ಕಳಿಸುತ್ತೇನೆ. ಅದಕ್ಕೆ ಕೆಲವು ಬೋಧಕರಿಗೆ ನನ್ನ ಮೇಲೆ ಕೋಪ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗುತ್ತೇವೆ ಅಂತ ಮಕ್ಕಳು ಬೈಕಿನಲ್ಲಿ ಹೊರಟುಬಿಡುತ್ತಾರೆ. 1925ರಲ್ಲಿ ಶುರುವಾದ ಜಾಗ ಅದು, ನೂರು ವರ್ಷ ಆಯಿತು. ಅಂಥ ಕಡೆಗೆ ಮೊದಲು ಪತ್ರ ಹೋಗಬೇಕು, ಅಲ್ಲಿಂದ ಒಪ್ಪಿಗೆ ಬರಬೇಕು, ಆಮೇಲೆ ನೀವು. ಗೇಟಿನ ಹತ್ತಿರ ಸೆಲ್ಫಿ ತೆಗೆದುಕೊಂಡು ಬರುವುದಕ್ಕೆ ಸಂಶೋಧನೆ ಅನ್ನುವುದಿಲ್ಲ.

ಒಂದು ಪ್ರಶ್ನೆ ಮೇಡಂ. ನಿಮ್ಮ ಮೀಟಿಂಗಿನ ವಿಷಯದಲ್ಲಿ ‘ಬೋಧಕರು ಹಾಗೂ ಸಿಬ್ಬಂದಿ’ ಅಂತ ಇದೆ. ಸಿಬ್ಬಂದಿ ಯಾರನ್ನಾದರೂ ಆ ಮೀಟಿಂಗಿಗೆ ಕರೆದಿದ್ದಾರಾ?

ಹೇಮಾವತಿ_ದಂಡೆ

ಕರೆದಿಲ್ಲ ಸರ್. ಪಟ್ಟಿ ಎಚ್‌ಒಡಿ ಮಾಡಿದ್ದು. ನಾಳೆಯೇ ಕೇಳುತ್ತೇನೆ. ಸೂಪರಿಂಟೆಂಡೆಂಟ್, ಲೈಬ್ರರಿಯವರು, ಕ್ಯಾಶ್ ಕೌಂಟರಿನ ಮೇಡಂ, ಡ್ರೈವರ್ ಅಣ್ಣ. ವಿದ್ಯಾರ್ಥಿಗಳ ಹೆಸರೂ ಆ ಪಟ್ಟಿಯಲ್ಲಿ ಇಲ್ಲ, ಈಗ ನೋಡಿದೆ.

ಲೈಬ್ರರಿ_ಕೌಂಟರ್

ವಿದ್ಯಾರ್ಥಿಗಳ ಬೆಂಬಲದ ಮೀಟಿಂಗಿಗೆ ವಿದ್ಯಾರ್ಥಿಗಳೇ ಇಲ್ಲ. ಚೆನ್ನಾಗಿದೆ.

ಸೆಮ್_ನಾಲ್ಕು

ಮಧ್ಯೆ ಒಂದು ಕೇಳುತ್ತೇನೆ. ನನ್ನ ತಮ್ಮ ಈ ವರ್ಷ ಎಂಬಿಎ ಮೊದಲ ವರ್ಷ. ನಮ್ಮೂರು ಹಾಸನದ ಪಕ್ಕ, ಆಲೂಗಡ್ಡೆ ಬೆಳೆಯುತ್ತಿದ್ದ ಊರು. ಈಗ ಮುಸುಕಿನ ಜೋಳ, ಶುಂಠಿ. ಅವನು ಅದರ ಮೇಲೆ ಏನಾದರೂ ಮಾಡಬಹುದಾ? ಗೈಡ್ ಕೇಳಿದರೆ ‘ಅದು ಅಗ್ರಿಕಲ್ಚರ್, ನಮ್ಮ ಸಬ್ಜೆಕ್ಟ್ ಅಲ್ಲ’ ಅನ್ನುತ್ತಾರೆ.

ಆಲೂಗಡ್ಡೆ_ಮನೆ (ಹಾಸನ)

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಆಲೂಗಡ್ಡೆ. ಅದು ಯಾಕೆ ನಿಮ್ಮ ಸಬ್ಜೆಕ್ಟ್ ಅಲ್ಲ? ಪೂರ್ತಿ ವ್ಯಾಪಾರವೇ ಅದು.

ಬಿತ್ತನೆ ಆಲೂಗಡ್ಡೆ ನಮ್ಮಲ್ಲಿ ಆಗುವುದಿಲ್ಲ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬರುತ್ತದೆ. ಮೇ ತಿಂಗಳಲ್ಲಿ ಹೋಗಿ ನೋಡಿ, ಯಾರ್ಡಿನಲ್ಲಿ ಮೂಟೆಯ ಮೇಲೆ ಮೂಟೆ. ಹೆಚ್ಚಾಗಿ ಕುಫ್ರಿ ಜ್ಯೋತಿ ತಳಿ. ರೈತ ಮೂಟೆ ಬಿಚ್ಚಿ, ಒಂದು ಗಡ್ಡೆ ಕೊಯ್ದು ನೋಡುತ್ತಾನೆ. ಒಳಗೆ ಕಪ್ಪು ಕಂಡರೆ ಬಿಡುತ್ತಾನೆ, ಕಾಣದಿದ್ದರೆ ಕೊಳ್ಳುತ್ತಾನೆ. ಇಡೀ ವರ್ಷದ ದುಡ್ಡು ನಿಂತಿರುವುದು ಆ ಒಂದು ಗಡ್ಡೆಯ ಮೇಲೆ. ಎಕರೆಯ ಖರ್ಚಿನಲ್ಲಿ ದೊಡ್ಡ ಪಾಲು ಬಿತ್ತನೆಯದ್ದೇ. ಆಮೇಲೆ ಮಳೆ ಹಿಡಿದುಕೊಂಡಿತು ಅಂದರೆ ಅಂಗಮಾರಿ. ಎಲೆ ಕಪ್ಪಾಗಿ ಹೊಲಕ್ಕೆ ಹೊಲ ಸುಟ್ಟ ಹಾಗೆ ಕಾಣುತ್ತದೆ.

ಎಂಬಿಎ ಹುಡುಗ ಏನು ಮಾಡಬಹುದು ಅಂದರೆ, ನಾಲ್ಕು ಮನೆಯ ಖರ್ಚಿನ ಲೆಕ್ಕ ಕೂತು ಬರೆಯಲಿ. ಆಲೂಗಡ್ಡೆಗೆ ಎಷ್ಟು ಹಾಕಿದರು, ಎಷ್ಟು ಬಂತು, ಜೋಳಕ್ಕೆ ಎಷ್ಟು, ಶುಂಠಿಗೆ ಎಷ್ಟು. ಮನೆಯವರ ಕೂಲಿಯನ್ನೂ ಸೇರಿಸಲಿ, ನಾವು ಅದನ್ನು ಯಾವತ್ತೂ ಸೇರಿಸುವುದಿಲ್ಲ. ಸಾಲ ಯಾರ ಹತ್ತಿರ, ಬೀಜ ಸಾಲಕ್ಕೆ ಕೊಟ್ಟವರಿಗೇ ಬೆಳೆ ಹಾಕಬೇಕಾ ಅಂತ ಕೇಳಲಿ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಗಡ್ಡೆಯ ಬದಲು ಬೇರು ಬಿಟ್ಟ ಕುಡಿಯ ಸಸಿ ನೆಟ್ಟು ಬಿತ್ತನೆ ಮಾಡಿಕೊಳ್ಳುವ ಕೆಲಸ ನಡೆದಿದೆ. ಜಲಂಧರ್ ಬದಲು ಇಲ್ಲೇ ಬಿತ್ತನೆ ಆದರೆ ಯಾರಿಗೆ ಲಾಭ, ಯಾವ ವ್ಯಾಪಾರಿಗೆ ನಷ್ಟ? ಇದು ಅಗ್ರಿಕಲ್ಚರ್ ಕಾಲೇಜಿನವರು ಕೇಳುವ ಪ್ರಶ್ನೆಯಲ್ಲ, ನೀವು ಕೇಳಬೇಕಾದ್ದು.

ಮೇ ತಿಂಗಳಲ್ಲಿ ಅವನಿಗೆ ಪರೀಕ್ಷೆ ಇದ್ದರೆ ಮಾತ್ರ ನಾನೇನೂ ಹೇಳಲಾರೆ.

ಅತಿಥಿ_ಬೋಧಕ

ಇದು ನಿಜಕ್ಕೂ ಚೆನ್ನಾಗಿದೆ. ಪರೀಕ್ಷೆಗೂ ಒಂದು ದಾರಿ ಇದೆ. ವಿಷಯವನ್ನು ಮೊದಲ ವರ್ಷವೇ ತೀರ್ಮಾನಿಸಿ, ಲೆಕ್ಕ ಬರೆದುಕೊಳ್ಳುವುದನ್ನು ಊರಿಗೆ ಹೋದಾಗಲೆಲ್ಲ ಮಾಡುವುದು. ನಾಲ್ಕನೇ ಸೆಮಿಸ್ಟರಿನಲ್ಲಿ ಬರೆಯುವುದು ಮಾತ್ರ. ಅದಕ್ಕೆ ಗೈಡ್ ಯಾರು ಅಂತ ಮೊದಲ ವರ್ಷವೇ ಗೊತ್ತಾಗಬೇಕು. ನಮ್ಮಲ್ಲಿ ಗೊತ್ತಾಗುವುದು ಕೊನೆಯ ಸೆಮಿಸ್ಟರಿನಲ್ಲಿ, ಅದೂ ಹೆಸರಿನ ಅಕ್ಷರದ ಕ್ರಮದಲ್ಲಿ. ‘ಅ’ ಇಂದ ‘ಕ’ ವರೆಗೆ ಒಬ್ಬರು, ಆಮೇಲಿನವರು ಇನ್ನೊಬ್ಬರು.

ಮೇಡಂ, ನಿಮ್ಮ ಮೀಟಿಂಗಿನಲ್ಲಿ ಇದೊಂದನ್ನು ಹೇಳಿ. ಜೊತೆಗೆ ಪ್ರಾಜೆಕ್ಟ್ ನೋಡುವ ಗಂಟೆಯನ್ನು ಟೈಮ್ ಟೇಬಲ್‌ನಲ್ಲಿ ಹಾಕಿ ಅಂತಲೂ ಹೇಳಿ. ಹಾಕಿದರೆ ಅದು ಕೆಲಸ ಅಂತ ಲೆಕ್ಕಕ್ಕೆ ಬರುತ್ತದೆ. ಹಾಕದಿದ್ದರೆ ಯಾರಾದರೂ ಒಳ್ಳೆಯವರು ಮಾಡುವ ಉಪಕಾರ, ಅಷ್ಟೇ.

ಹೇಮಾವತಿ_ದಂಡೆ

ಬರೆದುಕೊಂಡೆ. ಟೈಮ್ ಟೇಬಲ್ ವಿಷಯಕ್ಕೆ ಜಗಳ ಆಗುತ್ತದೆ, ಆಗಲಿ. ಫೆಸ್ಟ್ ಖರ್ಚಿನ ಸಹಿಯ ವಿಷಯಕ್ಕೆ ಇನ್ನೂ ದೊಡ್ಡ ಜಗಳ.

@ಔಟ್‌ವರ್ಡ್_ನಂಬರ್ ಸರ್, ನೀವು ಮಕ್ಕಳಿಂದ ಬರೆಸುವ ಪತ್ರದ ಒಂದು ಮಾದರಿ ಇಲ್ಲಿ ಹಾಕುತ್ತೀರಾ?

ಔಟ್‌ವರ್ಡ್_ನಂಬರ್

ಹಾಕುತ್ತೇನೆ. ಕಾಲೇಜಿನ ಹೆಸರು ನೀವೇ ತುಂಬಿಕೊಳ್ಳಿ.

‘ಮಾನ್ಯರೇ, ನಮ್ಮ ಎಂಬಿಎ ವಿದ್ಯಾರ್ಥಿಗಳಾದ ಇವರಿಬ್ಬರು ಸಣ್ಣ ಬೆಳೆಗಾರರು ಕಾಫಿ ಮಾರುವಾಗ ಓಟಿ ಮತ್ತು ತೇವಾಂಶದ ಲೆಕ್ಕ ಹೇಗೆ ಆಗುತ್ತದೆ ಎಂದು ತಿಳಿಯಲು ತಮ್ಮಲ್ಲಿಗೆ ಬರುತ್ತಿದ್ದಾರೆ. ತಮಗೆ ಅನುಕೂಲವಾದ ದಿನ ಮತ್ತು ಹೊತ್ತನ್ನು ತಿಳಿಸಬೇಕಾಗಿ ಕೋರುತ್ತೇವೆ. ಹಿಂದಿನ ಮೂರು ವರ್ಷದ ಮಾರಾಟದ ಚೀಟಿಗಳನ್ನು ತಮ್ಮ ಎದುರಿನಲ್ಲೇ ಕೂತು ನೋಡುತ್ತಾರೆ, ಹೊರಗೆ ಒಯ್ಯುವುದಿಲ್ಲ, ಫೋಟೊ ತೆಗೆಯುವುದಿಲ್ಲ. ತಮ್ಮ ಹೆಸರು, ತೋಟದ ಹೆಸರು, ವ್ಯಾಪಾರಿಯ ಹೆಸರನ್ನು ವರದಿಯಲ್ಲಿ ಬರೆಯುವುದಿಲ್ಲ. ಏನಾದರೂ ತೊಂದರೆ ಆದರೆ ಕೆಳಗಿನ ನಂಬರಿಗೆ ಫೋನ್ ಮಾಡಿ.’

ಮೂಡಿಗೆರೆ_ಮಳೆಗಾಲ

ಚೆನ್ನಾಗಿದೆ ಸ್ವಾಮಿ. ಒಂದು ಸೇರಿಸಿ. ‘ಕೆಲಸ ಮುಗಿದ ಮೇಲೆ ಕನ್ನಡದಲ್ಲಿ ಒಂದು ಪ್ರತಿ ತಮಗೆ ಕೊಡುತ್ತೇವೆ.’

@ಸೆಮ್_ನಾಲ್ಕು ನಿನ್ನ ಜೂನಿಯರ್‌ಗಳು ಯಾರಾದರೂ ಇದ್ದರೆ ಜುಲೈ, ಆಗಸ್ಟಿನಲ್ಲಿ ಕಳಿಸು. ಮಳೆ ಜೋರಾಗಿರುತ್ತದೆ, ಕರೆಂಟು ಇರುವುದಿಲ್ಲ, ಜಿಗಣೆ ಇರುತ್ತವೆ. ಆದರೆ ನನಗೆ ಪುರುಸೊತ್ತು ಇರುತ್ತದೆ.

ಸೆಮ್_ನಾಲ್ಕು

ಇಬ್ಬರು ಈಗಲೇ ರೆಡಿ ಇದ್ದಾರೆ ಅಂಕಲ್. ಪತ್ರ ಯಾವಾಗ ಸಿಗುತ್ತದೆ ಸರ್?

ಔಟ್‌ವರ್ಡ್_ನಂಬರ್

ಆ ಸಾಲು ಸೇರಿಸಿದೆ. ಗೈಡ್ ಸಹಿ ಮಾಡಿಸಿಕೊಂಡು ಬರಲಿ, ಮೂರು ಗಂಟೆಯ ಒಳಗೆ. ಪ್ರಿನ್ಸಿಪಾಲರು ಶುಕ್ರವಾರದವರೆಗೂ ರಜೆ. ಸೋಮವಾರ ನಂಬರ್ ಹಾಕಿ ಕೊಡುತ್ತೇನೆ.